ಹಾಲಿಲ್ಲದ ಅಡುಗೆಮನೆ: ಯಾವ ಕೆಲಸಕ್ಕೆ ಯಾವ ಬದಲಿ?

ಕೋಲಾರವನ್ನು ಹಾಲು, ರೇಷ್ಮೆ, ಚಿನ್ನಗಳ ನಾಡೆಂದು ಕರೆಯುವುದು ಹಳೆಯ ರೂಢಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, 2007ರಲ್ಲಿ ಜಿಲ್ಲೆಯೂ ಒಡೆದು ನಮ್ಮ ಚಿಂತಾಮಣಿ ಚಿಕ್ಕಬಳ್ಳಾಪುರದ ಪಾಲಾಯಿತು. ಆದರೆ ಬೆಳಗಿನ ಜಾವ ಹಳ್ಳಿಯ ಡೇರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಸಾಲು ಗಡಿಯ ಎರಡೂ ಬದಿಯಲ್ಲಿ ಮೊದಲಿನಂತೆಯೇ ಇದೆ. ಇಂಥ ಸೀಮೆಯಲ್ಲಿ, ಎರಡು ವರ್ಷಗಳ ಹಿಂದೆ, ಕಾಲೇಜಿಗೆ ಹೋಗುವ ನನ್ನ ಮಗಳು ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟುಬಿಟ್ಟಳು. ಅವಳ ಬೆನ್ನಿಗೆ ಒಂಬತ್ತು ವರ್ಷದ ತಮ್ಮನೂ ತನಗೆ ಹಾಲು ಬೇಡವೆಂದ. ನಮ್ಮ ಅತ್ತೆಯವರು ಕೋಪಿಸಿಕೊಳ್ಳಲಿಲ್ಲ, "ಹಂಗಾದ್ರೆ ಊಟದ ಕೊನೇಲಿ ಅನ್ನಕ್ಕೆ ಏನು ಕಲಸ್ಕೊಂತಾರಮ್ಮ ಮಕ್ಕಳು?" ಎಂದಷ್ಟೇ ಕೇಳಿದರು.

ಆ ಪ್ರಶ್ನೆಯಲ್ಲಿಯೇ ದಾರಿಯಿತ್ತೆಂದು ನನಗೆ ತಿಳಿದದ್ದು ತಡವಾಗಿ. ಮೊದಲ ಎರಡು ತಿಂಗಳು ನಾನು ಹಾಲಿಗೆ ಸರಿಸಮನಾದ ಇನ್ನೊಂದು ಬಿಳಿಯ ದ್ರವವನ್ನು ಹುಡುಕುತ್ತ, ಬೆಂಗಳೂರಿನಿಂದ ಪೊಟ್ಟಣಗಳನ್ನು ತರಿಸುತ್ತ ದುಡ್ಡು ಕಳೆದೆ. ಅತ್ತೆಯವರು ಕೇಳಿದ್ದು ಊಟದ ಕೊನೆಯ ತುತ್ತಿನ ಬಗ್ಗೆ ಮಾತ್ರ. ನಮ್ಮ ಅಡುಗೆಮನೆಯಲ್ಲಿ ಹಾಲು ಒಂದೇ ಹೆಸರಿನಲ್ಲಿ ಹಲವು ಕೆಲಸಗಳನ್ನು ಮಾಡುತ್ತದೆ: ಕಾಫಿ ಟೀಗೆ ಮೈ ಕೊಡುತ್ತದೆ, ಮೊಸರಾಗಿ ಊಟ ಮುಗಿಸುವ ಹುಳಿಯಾಗುತ್ತದೆ, ಹಬ್ಬದ ಸಿಹಿಗೆ ಸೇರುತ್ತದೆ, ಬೆಳೆಯುವ ಮಕ್ಕಳಿಗೆ ಸುಣ್ಣದಂಶವನ್ನೂ (ಕ್ಯಾಲ್ಸಿಯಂ) ಪ್ರೋಟೀನನ್ನೂ ಒದಗಿಸುತ್ತದೆ. ಈ ಎಲ್ಲಕ್ಕೂ ಒಂದೇ ಬದಲಿ ಸಿಗುವುದಿಲ್ಲ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಪದಾರ್ಥವನ್ನು ಆರಿಸಿಕೊಂಡರೆ ಖರ್ಚೂ ಇಳಿಯುತ್ತದೆ, ರುಚಿಯೂ ಉಳಿಯುತ್ತದೆ. ಕೆಳಗಿನ ಹೋಲಿಕೆಯನ್ನು ಆ ಕ್ರಮದಲ್ಲಿಯೇ ಮಾಡಿದ್ದೇನೆ. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇರಲಿಲ್ಲವಾದ್ದರಿಂದ ಅವುಗಳ ಬದಲಿಯ ಮಾತು ಇಲ್ಲಿಲ್ಲ; ಅವನ್ನು ಬಿಡುವವರಿಗೂ ಕಾಳುಗಳ ಭಾಗವಂತೂ ಉಪಯೋಗಕ್ಕೆ ಬಂದೀತು.

ಲೋಟಕ್ಕೆ ಸುರಿಯುವ ಹಾಲು

ನಮ್ಮ ಕಡೆ ಸುಲಭವಾಗಿ ಆಗುವಂಥವು ಮೂರು: ಕಡಲೆಕಾಯಿ ಬೀಜದ ಹಾಲು, ಸೋಯಾ ಹಾಲು, ತೆಂಗಿನ ಹಾಲು. ಪೊಟ್ಟಣದ ಓಟ್ಸ್ ಮತ್ತು ಬಾದಾಮಿ ಪಾನೀಯಗಳು ನಾಲ್ಕನೆಯವು.

ಕಡಲೆಬೀಜದ ಹಾಲಿಗೆ ನನ್ನ ಮೊದಲ ಮತ. ಒಂದು ಲೋಟ ಬೀಜವನ್ನು ಏಳೆಂಟು ಗಂಟೆ ನೆನೆಸಿ, ಕೈಯಲ್ಲಿ ಉಜ್ಜಿ ಸಿಪ್ಪೆ ತೆಗೆದು, ನಾಲ್ಕು ಲೋಟ ನೀರಿನಲ್ಲಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕೈಯಾಡಿಸುತ್ತ ಕುದಿಸಿದರೆ ಹಸಿ ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಶುಂಠಿ, ಏಲಕ್ಕಿ ಹಾಕಿದ ಟೀಯಲ್ಲಿ ಅದು ಗೊತ್ತಾಗುವುದಿಲ್ಲ. ಬೆಲ್ಲ ಹಾಕಿದ ರಾಗಿ ಮಾಲ್ಟಿನಲ್ಲಂತೂ ಆ ವಾಸನೆಯೇ ಒಂದು ಸೊಗಸು. ಬೀಜ ಆರಿಸುವಾಗ ಮಾತ್ರ ಉದಾಸೀನ ಸಲ್ಲದು: ಬೂಷ್ಟು ಹಿಡಿದದ್ದು, ಕಪ್ಪಾದದ್ದು, ಕಹಿಯಾದದ್ದು ಒಂದಿದ್ದರೂ ಎಸೆಯಬೇಕು, ಏಕೆಂದರೆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೆ ಹೋಗುವಂಥದ್ದಲ್ಲ, ಯಕೃತ್ತಿಗೆ ಹಾನಿಕರ. ಮನೆಯಲ್ಲಿ ಯಾರಿಗಾದರೂ ಕಡಲೆಬೀಜದ ಅಲರ್ಜಿ ಇದ್ದರೆ ಈ ಆಯ್ಕೆಯನ್ನೇ ಬಿಡಬೇಕು. ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಹಿಪ್ಪೆಯನ್ನು ನಾನು ಅಕ್ಕಿ ರೊಟ್ಟಿಯ ಹಿಟ್ಟಿಗೋ ಹುರುಳಿಕಾಯಿ ಪಲ್ಯಕ್ಕೋ ಸೇರಿಸುತ್ತೇನೆ. ಈ ಹಾಲಿನ ದೊಡ್ಡ ಕೊರತೆಯೆಂದರೆ ಕ್ಯಾಲ್ಸಿಯಂ. 100 ಗ್ರಾಂ ಬೀಜದಲ್ಲಿಯೇ ಐವತ್ತು ಮಿಲಿಗ್ರಾಂ ಆಸುಪಾಸು ಇರುವಾಗ ಅದನ್ನು ನೀರಲ್ಲಿ ಕದಡಿ ಸೋಸಿದ ಹಾಲಿನಲ್ಲಿ ಎಷ್ಟು ಉಳಿದೀತು?

ಪ್ರೋಟೀನಿನ ಲೆಕ್ಕದಲ್ಲಿ ಸೋಯಾ ಹಾಲು ಹಸುವಿನ ಹಾಲಿಗೆ ಎಲ್ಲಕ್ಕಿಂತ ಹತ್ತಿರ. ಚೆನ್ನಾಗಿ ತಯಾರಿಸಿದರೆ 100 ಮಿಲಿಲೀಟರಿಗೆ ಸುಮಾರು 3 ಗ್ರಾಂ. ಆದರೆ ಕೆಲಸ ಹೆಚ್ಚು, ವಾಸನೆಯೂ ಹಟಮಾರಿ. ನೆನೆದ ಕಾಳನ್ನು ತಣ್ಣೀರಿನಲ್ಲಿ ರುಬ್ಬಿದೊಡನೆ ಅದರೊಳಗಿನ ಕಿಣ್ವ ಎಚ್ಚೆತ್ತು ಹಸಿಕಾಳಿನ ವಾಸನೆ ಹುಟ್ಟಿಸುತ್ತದೆ. ಕುದಿನೀರಿನಲ್ಲಿ ರುಬ್ಬಿದರೆ ಆ ಕಿಣ್ವ ಕೆಲಸ ಮಾಡುವ ಮೊದಲೇ ಕೆಡುತ್ತದೆ. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಪಡಿಸುವ ಅಂಶಗಳೂ ಇರುವುದರಿಂದ ಹಾಲನ್ನು ಕನಿಷ್ಠ ಕಾಲು ಗಂಟೆ ಕುದಿಸಲೇಬೇಕು. ಒಲೆಗಿಟ್ಟ ಸ್ವಲ್ಪ ಹೊತ್ತಿಗೇ ನೊರೆ ಉಕ್ಕಿ ಕುದಿ ಬಂದಂತೆ ಕಾಣುತ್ತದೆ, ಅದು ನಿಜವಾದ ಕುದಿಯಲ್ಲ. ದೊಡ್ಡ ಪಾತ್ರೆ ಇಡದೆ ಎರಡು ಸಲ ಒಲೆ ತೊಳೆದ ಮೇಲೆ ನಾನು ಇದನ್ನು ಕಲಿತೆ. ವಾರದಲ್ಲಿ ಒಂದು ದಿನ ಬಿಡುವಿರುವವರು ಮನೆಯಲ್ಲಿ ಮಾಡಬಹುದು, ಇಲ್ಲದವರು ಕ್ಯಾಲ್ಸಿಯಂ ಸೇರಿಸಿದ ಸಕ್ಕರೆರಹಿತ ಪೊಟ್ಟಣವನ್ನೇ ಕೊಳ್ಳುವುದು ಜಾಣತನ. ಬೆಳೆಯುವ ಮಗನಿಗೆ ನಾನು ದಿನಕ್ಕೊಂದು ಲೋಟ ಕೊಡುವುದು ಇದನ್ನೇ.

ತೆಂಗಿನ ಹಾಲು ಕಾಫಿಗೂ ಅಲ್ಲ, ಮಗುವಿನ ಲೋಟಕ್ಕೂ ಅಲ್ಲ. ಅದರಲ್ಲಿ ಇರುವುದು ಮುಖ್ಯವಾಗಿ ಕೊಬ್ಬು. ಪ್ರೋಟೀನೂ ಕ್ಯಾಲ್ಸಿಯಮ್ಮೂ ಅತ್ಯಲ್ಪ. ತುಮಕೂರು ಕಡೆಯವರಿಗೆ ಮನೆಯ ಹಿತ್ತಲಲ್ಲಿಯೇ ಕಾಯಿ ಸಿಗುವುದರಿಂದ ಇದರ ಕಡೆಗೆ ಒಲವು ಸಹಜ, ತಿಪಟೂರಿನ ನನ್ನ ನಾದಿನಿ ಎಲ್ಲಕ್ಕೂ ಕಾಯಿಹಾಲನ್ನೇ ಸುರಿಯುತ್ತಾಳೆ. ಆದರೂ ಅದರ ಜಾಗ ಸಿಹಿಯಲ್ಲಿ, ಸಾಗುವಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪೊಟ್ಟಣದ ಬಾದಾಮಿ ಪಾನೀಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾಮಾನ್ಯವಾಗಿ 100 ಮಿಲಿಲೀಟರಿಗೆ 1 ಗ್ರಾಂ ಪ್ರೋಟೀನೂ ಇರದ ನೀರಿಗೆ ಆ ಬೆಲೆ ತೆರುವ ಬದಲು ನಾಲ್ಕು ಬಾದಾಮಿಯನ್ನು ಅಗಿದು ತಿನ್ನಬಹುದು. ಓಟ್ಸ್ ಪಾನೀಯವು ಕಾಫಿಗೆ ಚೆನ್ನಾಗಿ ಹೊಂದುತ್ತದೆ ಎನ್ನುವುದು ನಿಜ.

ಕಾಫಿಯ ವಿಷಯಕ್ಕೆ ಬಂದರೆ ಒಂದು ಎಚ್ಚರಿಕೆ. ಡಿಕಾಕ್ಷನ್ನಿನ ಹುಳಿಗೂ ಬಿಸಿಗೂ ಸಿಕ್ಕಿ ಕಾಳಿನ ಹಾಲು, ಬೀಜದ ಹಾಲು ಎರಡೂ ಒಡೆಯುತ್ತವೆ. ಬೀಗರು ಬಂದ ದಿನವೇ ಏಳು ಲೋಟ ಕಾಫಿ ನನ್ನ ಕಣ್ಣೆದುರು ಹರಳುಗಟ್ಟಿತು. ತಣ್ಣನೆಯ ಹಾಲನ್ನು ಕುದಿಯುವ ಡಿಕಾಕ್ಷನ್ನಿಗೆ ಹಾಕದೆ, ಹಾಲನ್ನು ಮೊದಲು ಬಿಸಿ ಮಾಡಿ, ತುಸು ಆರಿದ ಡಿಕಾಕ್ಷನ್ನನ್ನು ಅದಕ್ಕೆ ನಿಧಾನವಾಗಿ ಬೆರೆಸಿದರೆ ಬಹುಪಾಲು ಉಳಿಯುತ್ತದೆ. ಟೀಗೆ ಈ ತಾಪತ್ರಯ ಕಡಿಮೆ.

ಮೊಸರಿನ ಹುಳಿ

ಅತ್ತೆಯವರ ಪ್ರಶ್ನೆಗೆ ಉತ್ತರ ಕೊಡಬೇಕಾದ ಜಾಗ ಇದು. ಕಡಲೆಬೀಜದ ಮೊಸರು, ಸೋಯಾ ಮೊಸರು, ತೆಂಗಿನ ಮೊಸರು ಮೂರನ್ನೂ ಹಲವು ಸಲ ಹೆಪ್ಪು ಹಾಕಿ ನೋಡಿದ್ದೇನೆ. ತೆಂಗಿನದ್ದು ಮೇಲೆ ಕೊಬ್ಬು, ಕೆಳಗೆ ನೀರಾಗಿ ಬೇರ್ಪಡುತ್ತದೆ. ಸೋಯಾದ್ದು ಗಟ್ಟಿಯಾಗಿ ಕೂರುತ್ತದೆಯಾದರೂ ಮೊಸರನ್ನದಲ್ಲಿ ವಾಸನೆ ಎದ್ದು ಕಾಣುತ್ತದೆ. ಕಡಲೆಬೀಜದ್ದು ಇವೆರಡರ ನಡುವೆ ಗೆಲ್ಲುತ್ತದೆ: ಮೂರು ಲೋಟ ನೀರಿಗೆ ಒಂದು ಲೋಟ ಬೀಜದ ಲೆಕ್ಕದಲ್ಲಿ ಹಾಲನ್ನು ಸ್ವಲ್ಪ ಗಟ್ಟಿಯಾಗಿ ತೆಗೆದು, ರುಬ್ಬುವಾಗಲೇ ಒಂದು ಹಿಡಿ ಅನ್ನ ಸೇರಿಸಿ, ಕುದಿಸಿ, ಬೆರಳು ತಾಳುವಷ್ಟು ಬೆಚ್ಚಗಾದಾಗ ಹೆಪ್ಪು ಹಾಕಬೇಕು. ಹಸುವಿನ ಹಾಲಿನ ಮೊಸರನ್ನೇ ಹೆಪ್ಪಾಗಿ ಬಳಸಲು ಮನಸ್ಸಿಲ್ಲದವರು ಹತ್ತು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ತೊಳೆದು ಒರೆಸಿ ಅದರಲ್ಲಿ ಮುಳುಗಿಸಿಟ್ಟರೆ, ತೊಟ್ಟಿನ ಮೇಲೆ ಸಹಜವಾಗಿ ಇರುವ ಸೂಕ್ಷ್ಮಜೀವಿಗಳೇ ಹುಳಿ ಹಿಡಿಸುತ್ತವೆ. ಮೊದಲ ಸಲದ್ದು ತೆಳುವಾಗಿ, ಸ್ವಲ್ಪ ಒಗರಾಗಿ ಇರುತ್ತದೆ. ಅದರಿಂದ ಹೆಪ್ಪು ತೆಗೆದು ಮಾಡಿದ ಎರಡನೆಯ, ಮೂರನೆಯ ಸಲದ್ದು ಉತ್ತಮ. ಪುಷ್ಯಮಾಸದ ಚಳಿಯಲ್ಲಿ ನಮ್ಮೂರಲ್ಲಿ ಹನ್ನೆರಡು ಗಂಟೆಯೂ ಸಾಲದು, ಪಾತ್ರೆಯನ್ನು ಬಟ್ಟೆ ಸುತ್ತಿ ರಾಗಿ ಡಬ್ಬದ ಪಕ್ಕ ಬೆಚ್ಚಗೆ ಇಡಬೇಕು.

ಈ ಮೊಸರಿನಿಂದ ಶುಂಠಿ, ಕರಿಬೇವು, ಸಾಸಿವೆಯ ಒಗ್ಗರಣೆ ಕೊಟ್ಟ ಮೊಸರನ್ನವೂ ಸೌತೆಕಾಯಿ ಪಚ್ಚಡಿಯೂ ಚೆನ್ನಾಗಿ ಆಗುತ್ತವೆ. ಬರಿಯ ಅನ್ನಕ್ಕೆ ಕಲಸಿಕೊಂಡು ತಿಂದರೆ ಮಾತ್ರ ಹಳೆಯ ನಾಲಗೆ ಒಪ್ಪುವುದಿಲ್ಲ.

ಹೀಗಾಗಿ ಇನ್ನೊಂದು ಆಯ್ಕೆಯನ್ನೂ ತೂಗಬೇಕು: ಮೊಸರಿನ ಜಾಗಕ್ಕೆ ಮೊಸರೇ ಬೇಕೆ? ಊಟದ ಕೊನೆಗೆ ನಾಲಗೆ ಕೇಳುವುದು ತಂಪನ್ನು ಮತ್ತು ಹುಳಿಯನ್ನು. ರಾಗಿ ಗಂಜಿಯನ್ನು ರಾತ್ರಿಯಿಡೀ ಹುಳಿಯಲು ಬಿಟ್ಟು, ಬೆಳಗ್ಗೆ ನೀರು, ಉಪ್ಪು, ಜೀರಿಗೆ, ಹೆಚ್ಚಿದ ಈರುಳ್ಳಿ ಸೇರಿಸಿದ ಅಂಬಲಿಗೆ ಮಜ್ಜಿಗೆ ಹಾಕದಿದ್ದರೂ ಹುಳಿ ತಾನಾಗಿ ಬಂದಿರುತ್ತದೆ. ಬೇಸಿಗೆಯಲ್ಲಿ ಶ್ರೀನಿವಾಸಪುರದ ಕಡೆಯಿಂದ ಕಾಯಿಮಾವು ಬರುವ ಕಾಲಕ್ಕೆ ಮಾವಿನಕಾಯಿ ಗೊಜ್ಜು, ಉಳಿದ ದಿನ ನಿಂಬೆರಸ ಹಿಂಡಿದ ತಿಳಿಸಾರು. ಮಗಳು ಈಗ ಕಡಲೆಬೀಜದ ಮೊಸರಿಗಿಂತ ಅಂಬಲಿಯನ್ನೇ ಹೆಚ್ಚು ಕೇಳುತ್ತಾಳೆ, ನನಗೂ ರುಬ್ಬುವ ಕೆಲಸ ತಪ್ಪಿತು.

ಸಿಹಿ ಮತ್ತು ತುಪ್ಪ

ಇಲ್ಲಿ ನಮ್ಮ ಹಿರಿಯರೇ ಅರ್ಧ ಕೆಲಸ ಮುಗಿಸಿಟ್ಟಿದ್ದಾರೆ. ಒತ್ತು ಶಾವಿಗೆಗೆ ಕಾಯಿಹಾಲು, ಒಬ್ಬಟ್ಟಿಗೆ ಕಾಯಿಹಾಲು, ಗಸಗಸೆ ಪಾಯಸಕ್ಕೆ ರುಬ್ಬಿದ ತೆಂಗು, ರಾಗಿಯನ್ನು ನೆನೆಸಿ ರುಬ್ಬಿ ಹಿಂಡಿದ ಹಾಲಿನಿಂದ ಹಾಲ್ಬಾಯಿ, ಸಂಕ್ರಾಂತಿಗೆ ಎಳ್ಳು ಬೆಲ್ಲ, ನಾಗರ ಪಂಚಮಿಗೆ ಚಿಗಳಿ: ಇವು ಯಾವುದಕ್ಕೂ ಹಸುವಿನ ಹಾಲು ಬೇಕಿರಲಿಲ್ಲ. ಹಾಲ್ಬಾಯಿ ಕಾಯಿಸುವಾಗ ಕೊನೆಗೆ ಹಾಕುವ ಎರಡು ಚಮಚ ತುಪ್ಪದ ಬದಲು ಗಟ್ಟಿ ಕಾಯಿಹಾಲನ್ನು ಹಾಕಿದರೂ ತಳ ಬಿಡುತ್ತದೆ. ಕಾಯಿಹಾಲನ್ನು ಯಾವಾಗಲೂ ಒಲೆಯಿಂದ ಇಳಿಸುವ ಹೊತ್ತಿಗೆ ಸೇರಿಸಬೇಕು, ಕುದಿಸಿದರೆ ಒಡೆಯುತ್ತದೆ.

ಮುದ್ದೆಯ ಮೇಲಿನ ತುಪ್ಪಕ್ಕೆ ಬದಲಾಗಿ ಕೊಬ್ಬರಿ ಎಣ್ಣೆಯನ್ನು ಕರಾವಳಿಯವರು ಹೇಳುತ್ತಾರೆ, ಬಯಲುಸೀಮೆಯ ನಮಗೆ ಅದು ತಲೆಗೆ ಹಚ್ಚುವ ಎಣ್ಣೆ, ತಟ್ಟೆಯಲ್ಲಿ ಸಹಿಸಲಾರೆವು. ಗಾಣದ ಕಡಲೆಕಾಯಿ ಎಣ್ಣೆ ಎಲ್ಲರಿಗೂ ಒಗ್ಗುತ್ತದೆ. ಹುಚ್ಚೆಳ್ಳೆಣ್ಣೆ ಸಿಕ್ಕಿದರೆ ಅದರ ಘಮ ಬೇರೆಯೇ, ಆದರೆ ಬೇಗ ಮುಗ್ಗುವುದರಿಂದ ಸ್ವಲ್ಪ ಸ್ವಲ್ಪವೇ ತರಬೇಕು. ಡಾಲ್ಡಾದಂಥ ವನಸ್ಪತಿಯು ಗಿಡದ ಎಣ್ಣೆಯಿಂದಲೇ ಆದದ್ದಾದರೂ ಅದನ್ನು ಬದಲಿಯೆಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಟ್ಟೆಯಲ್ಲಿನ ಲೆಕ್ಕ

ಹಾಲು ಬಿಟ್ಟ ಮನೆಯವರಿಗೆ ನೆಂಟರು ಕೇಳುವ ಎರಡನೆಯ ಪ್ರಶ್ನೆ ಕ್ಯಾಲ್ಸಿಯಮ್ಮಿನದು, ಅದು ನ್ಯಾಯವಾದದ್ದೂ ಹೌದು. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಇದೆ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಇರುವುದರಿಂದ, ಎಪ್ಪತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆ ಕಾಗದದ ಮೇಲೆ ಆ ಲೋಟ ಹಾಲಿಗೆ ಸಮ. ಕಾಗದದ ಮೇಲೆ ಎಂದದ್ದಕ್ಕೆ ಕಾರಣವಿದೆ: ರಾಗಿಯಲ್ಲಿ ಸಹಜವಾಗಿಯೇ ಇರುವ ಫೈಟೇಟು ಎಂಬ ಅಂಶ ಕ್ಯಾಲ್ಸಿಯಮ್ಮನ್ನೂ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಅಷ್ಟೂ ದೇಹಕ್ಕೆ ದಕ್ಕುವುದಿಲ್ಲ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿಸುವುದು ಈ ಹಿಡಿತವನ್ನು ಸಡಿಲಿಸುತ್ತವೆ. ಹಾಗೆ ನೋಡಿದರೆ ಬೀಸಿದ ಹಿಟ್ಟಿನ ಮುದ್ದೆ, ಮೊಳಕೆ ರಾಗಿಯ ಮಾಲ್ಟು, ಹುಳಿದ ಅಂಬಲಿ, ಈ ಮೂರರಲ್ಲಿ ಕೊನೆಯ ಎರಡು ಮೇಲು. ಮಧ್ಯಾಹ್ನ ಮುದ್ದೆ, ಬೆಳಗ್ಗೆ ಮಾಲ್ಟು ಅಥವಾ ಅಂಬಲಿ ಎಂದು ನಾವು ಹಂಚಿಕೊಂಡಿದ್ದೇವೆ.

ಎಳ್ಳಿನಲ್ಲಿ ಇನ್ನೂ ಹೆಚ್ಚು, 100 ಗ್ರಾಂಗೆ 1000 ಮಿಲಿಗ್ರಾಂ ಮೀರುತ್ತದೆ. ಆದರೆ ಯಾರೂ ನೂರು ಗ್ರಾಂ ಎಳ್ಳು ತಿನ್ನುವುದಿಲ್ಲ. ಸಿಪ್ಪೆ ತೆಗೆಯದ ಎಳ್ಳನ್ನು ಹುರಿದು ಪುಡಿ ಮಾಡಿ ದಿನಕ್ಕೆ ಒಂದು ದೊಡ್ಡ ಚಮಚ, ಚಟ್ನಿಪುಡಿಯಾಗಿಯೋ ಚಿಗಳಿಯಾಗಿಯೋ ಕೊಟ್ಟರೆ ನೂರು ಮಿಲಿಗ್ರಾಂ ಬಂತು. ಇಡಿಯ ಎಳ್ಳಿಗಿಂತ ಪುಡಿ ಚೆನ್ನಾಗಿ ಜೀರ್ಣವಾಗುತ್ತದೆ. ಸೊಪ್ಪುಗಳಲ್ಲಿ ನುಗ್ಗೆಸೊಪ್ಪನ್ನು ನಂಬಬಹುದು. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಅದರಲ್ಲೇ ಇರುವ ಆಕ್ಸಲೇಟು ಎಂಬ ಅಂಶಕ್ಕೆ ಸಿಕ್ಕಿಕೊಂಡು ದೇಹಕ್ಕೆ ದಕ್ಕದಿರುವುದರಿಂದ ಅದನ್ನು ರುಚಿಗಷ್ಟೇ ಇಟ್ಟುಕೊಳ್ಳಿ.

ಇನ್ನು ಪ್ರೋಟೀನು. ಒಣ ಕಾಳು, ಬೇಳೆಗಳಲ್ಲಿ 100 ಗ್ರಾಂಗೆ 20ರಿಂದ 25 ಗ್ರಾಂ, ಸೋಯಾದಲ್ಲಿ 35 ಗ್ರಾಂಗೂ ಮಿಕ್ಕಿ. ರಾಗಿಯಲ್ಲಿ ಏಳು ಗ್ರಾಂ ಮಾತ್ರ, ಅದರಲ್ಲೂ ಲೈಸಿನ್ ಎಂಬ ಅಂಶ ಕಡಿಮೆ. ಕಾಳಿನಲ್ಲಿ ಅದು ಧಾರಾಳವಾಗಿರುವುದರಿಂದ ಮುದ್ದೆಗೆ ಕಾಳುಸಾರು ಜೊತೆಯಾದದ್ದು ಬರಿಯ ರುಚಿಗಲ್ಲ ಎನಿಸುತ್ತದೆ. ಯಾವ ಕಾಳು ಎಂಬುದಕ್ಕೆ ನನ್ನ ಉತ್ತರ ಹುರುಳಿ. ತೊಗರಿಬೇಳೆಯಷ್ಟೇ ಪ್ರೋಟೀನು, ಜೊತೆಗೆ 250 ಮಿಲಿಗ್ರಾಂ ದಾಟುವ ಕ್ಯಾಲ್ಸಿಯಂ, 6ರಿಂದ 8 ಮಿಲಿಗ್ರಾಂ ಕಬ್ಬಿಣ, ಬೆಲೆಯೂ ಕಡಿಮೆ. ದನಕ್ಕೆ ಹಾಕುವ ಕಾಳೆಂದು ಮೂಗು ಮುರಿಯುವವರಿದ್ದಾರೆ, ಮುರಿಯಲಿ. ಒಂದು ತಪ್ಪನ್ನು ಮಾತ್ರ ಮಾಡಬಾರದು: ಹುರುಳಿ ಕಟ್ಟಿನ ಸಾರನ್ನು ಹೊಗಳುತ್ತ ಕಟ್ಟನ್ನು ಕುಡಿದು ಕಾಳನ್ನು ದನಕ್ಕೆ ಹಾಕಿದರೆ ಪ್ರೋಟೀನು ದನದ ಪಾಲಾಗುತ್ತದೆ. ಬಸ್ಸಾರಿನ ಕ್ರಮವೇ ಸರಿ. ಬಸಿದ ನೀರು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ.

ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಹೋಲಿಕೆಯೇ ಬೇಡ, ಹಿತಕಿದ ಬೇಳೆ ಸಾರಿನ ಮುಂದೆ ಟೋಫುವಿನ ಹೆಸರೆತ್ತಿದರೆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಉಳಿದ ತಿಂಗಳುಗಳಲ್ಲಿ ಟೋಫು, ಅಂದರೆ ಸೋಯಾ ಹಾಲನ್ನು ಒಡೆಸಿ ಮಾಡಿದ ಗಟ್ಟಿ, ಸಿಕ್ಕುವ ಊರಿನವರು ಅದನ್ನು ಪನೀರಿನ ಜಾಗಕ್ಕೆ ತರಬಹುದು. ನಮ್ಮ ಪೇಟೆಯಲ್ಲಿ ಅಪರೂಪ. ಸೋಯಾ ತುಂಡುಗಳು ಎಲ್ಲ ಕಿರಾಣಿ ಅಂಗಡಿಗಳಲ್ಲೂ ಇವೆ, ಒಣದಲ್ಲಿ ಅರ್ಧದಷ್ಟು ತೂಕ ಪ್ರೋಟೀನೇ. ವಾರಕ್ಕೆ ಎರಡು ದಿನ ಅವು ಸಾಕು.

ಬೇಯಿಸುವ ಬಗ್ಗೆ ಒಂದು ಮಾತು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಬೇಗ ಬೇಯುವುದಿಲ್ಲ. ಅದಕ್ಕೆ ಅಡುಗೆ ಸೋಡಾ ಹಾಕುವ ಅಭ್ಯಾಸ ಹಲವರಿಗಿದೆ, ಅದರಿಂದ ಬಿ1 ಜೀವಸತ್ವ ನಾಶವಾಗುತ್ತದೆ. ಫಿಲ್ಟರಿನ ನೀರಿನಲ್ಲಿ ತುಸು ಉಪ್ಪು ಹಾಕಿ ರಾತ್ರಿ ನೆನೆಸಿ, ಹುಣಸೆಹಣ್ಣು, ಟೊಮೆಟೊಗಳನ್ನು ಕಾಳು ಬೆಂದ ಮೇಲೆಯೇ ಸೇರಿಸಿದರೆ ಸೋಡಾ ಬೇಕಾಗುವುದಿಲ್ಲ. ತಟ್ಟೆಗೆ ಬಡಿಸಿದ ಮೇಲೆ ನಿಂಬೆ ಹಿಂಡಿದರೆ ಕಾಳಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ, ಊಟವಾದೊಡನೆ ಟೀ ಕುಡಿದರೆ ಅದಕ್ಕೆ ತಡೆ ಬೀಳುತ್ತದೆ. ಮಗಳಿಗೆ ಇದನ್ನು ಒಪ್ಪಿಸುವುದು ಹಾಲಿಗೆ ಬದಲಿ ಹುಡುಕಿದ್ದಕ್ಕಿಂತ ಕಷ್ಟವಾಯಿತು.

ಬಿ12: ಇಲ್ಲಿ ಆಯ್ಕೆಯಿಲ್ಲ

ಬಿ12 ಜೀವಸತ್ವಕ್ಕೆ ನಂಬಬಹುದಾದ ಸಸ್ಯಮೂಲ ಯಾವುದೂ ಇಲ್ಲ. ಇಡ್ಲಿ ಹಿಟ್ಟು ಹುಳಿಯುವುದರಿಂದ, ಅಂಬಲಿಯಿಂದ, ಸೊಪ್ಪಿನ ಮಣ್ಣಿನಿಂದ ಅದು ದೊರೆಯುತ್ತದೆ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ. ದಿನಕ್ಕೆ ಬೇಕಾಗುವುದು 2 ಮೈಕ್ರೋಗ್ರಾಂಗಿಂತ ತುಸು ಹೆಚ್ಚು ಅಷ್ಟೇ. ಆದರೆ ಅದು ವರ್ಷಗಟ್ಟಲೆ ಇಲ್ಲದೆ ಹೋದರೆ ರಕ್ತಹೀನತೆ ಬರುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ನರಗಳಿಗೆ ಆದ ಹಾನಿ ಕೆಲವೊಮ್ಮೆ ಸರಿಹೋಗುವುದೇ ಇಲ್ಲ. ಬಿ12 ಸೇರಿಸಿದ ಪಾನೀಯ ಅಥವಾ ಮಾತ್ರೆ, ಇವೆರಡರಲ್ಲಿ ಮಾತ್ರೆಯೇ ಅಗ್ಗ, ಲೆಕ್ಕವೂ ತಪ್ಪುವುದಿಲ್ಲ. ಪ್ರಮಾಣವನ್ನು ವೈದ್ಯರು ರಕ್ತಪರೀಕ್ಷೆ ನೋಡಿ ಹೇಳಬೇಕು. ಅದೇ ಪರೀಕ್ಷೆಯಲ್ಲಿ ಡಿ ಜೀವಸತ್ವವನ್ನೂ ಹಿಮೋಗ್ಲೋಬಿನ್ನನ್ನೂ ನೋಡಿಸಿ. ಬಸುರಿಯರು, ಬಾಣಂತಿಯರು ಇದನ್ನು ಮುಂದೂಡಲೇಬಾರದು. ಎರಡು ವರ್ಷದೊಳಗಿನ ಮಗುವಿಗೆ ಮೇಲೆ ಹೇಳಿದ ಯಾವ ಹಾಲೂ ತಾಯಿಹಾಲಿನ ಬದಲಿಯಾಗದು. ಅಂಥ ಮನೆಯವರು ಮಕ್ಕಳ ವೈದ್ಯರನ್ನು ಕೇಳದೆ ಏನನ್ನೂ ಬದಲಿಸದಿರುವುದು ಒಳ್ಳೆಯದು.

ಪೊಟ್ಟಣದ ಗುರುತು

ಹಸಿರು ಚುಕ್ಕೆ ಕಂಡೊಡನೆ ನಿಶ್ಚಿಂತರಾಗಬೇಡಿ. ಅದು ಸಸ್ಯಾಹಾರದ ಗುರುತು, ಹಾಲು, ತುಪ್ಪ, ಜೇನು ಇದ್ದರೂ ಇರುತ್ತದೆ. ಹಾಲೂ ಸೇರಿದಂತೆ ಪ್ರಾಣಿಮೂಲದ್ದು ಏನೂ ಇಲ್ಲದ ವೀಗನ್ ಆಹಾರಕ್ಕೆ 2022ರ ನಿಯಮದಂತೆ ಬೇರೆಯದೇ ಹಸಿರು ಗುರುತಿದೆ, ಮೊಳಕೆಯೊಡೆದ ಗಿಡದಂತೆ ಕಾಣುವ ಇಂಗ್ಲಿಷಿನ ‘ವಿ’ ಅಕ್ಷರ. ಅದಿಲ್ಲದಿದ್ದರೆ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹಾಲಿನ ಪುಡಿ, ಕೇಸಿನ್ (ಹಾಲಿನ ಪ್ರೋಟೀನು) ಎಂಬ ಹೆಸರುಗಳನ್ನು ಹುಡುಕಿ; ಬ್ರೆಡ್ಡು ಬಿಸ್ಕತ್ತುಗಳಲ್ಲಿ ಇವು ಸಾಮಾನ್ಯ. ಬೇಕರಿಯಲ್ಲಿ ಕೇಳಿದರೆ "ಹಾಲಿಲ್ಲ ಮೇಡಂ, ಬರೀ ಬೆಣ್ಣೆ" ಎಂಬ ಉತ್ತರ ಬರುವುದುಂಟು.

ಒಂದೇ ಒಲೆಯಲ್ಲಿ ಎರಡು ಬಗೆಯವರು

ಮನೆಯ ಎಲ್ಲರೂ ಹಾಲು ಬಿಡುವುದು ಅಪರೂಪ. ಅತ್ತೆಮಾವನವರಿಗೆ ಮೊಸರು ಬೇಕೇ ಬೇಕು, ಯಜಮಾನರಿಗೆ ಹಸುವಿನ ಹಾಲಿನ ಕಾಫಿ. ಎರಡು ಅಡುಗೆ ಮಾಡುವುದು, ಎಲ್ಲರ ಮೇಲೂ ಒಂದೇ ನಿಯಮ ಹೇರುವುದು, ಈ ಎರಡನ್ನೂ ಬಿಟ್ಟು ನಾವು ಮೂರನೆಯ ದಾರಿ ಹಿಡಿದಿದ್ದೇವೆ. ಮುದ್ದೆ, ಸಾರು, ಪಲ್ಯ, ಅನ್ನ ಯಾವುದಕ್ಕೂ ಒಲೆಯ ಮೇಲಿರುವಾಗ ಹಾಲು ತುಪ್ಪ ಸೋಕುವುದಿಲ್ಲ, ಒಗ್ಗರಣೆ ಕಡಲೆಕಾಯಿ ಎಣ್ಣೆಯದು. ಬೇಕಾದವರು ತುಪ್ಪ, ಮೊಸರನ್ನು ತಮ್ಮ ತಮ್ಮ ತಟ್ಟೆಯಲ್ಲಿ ಹಾಕಿಕೊಳ್ಳುತ್ತಾರೆ. ಮೊಸರು ಮಾತ್ರ ಎರಡು ಪಾತ್ರೆಗಳಲ್ಲಿ ಹೆಪ್ಪಾಗುತ್ತದೆ. ಕಡಲೆಬೀಜದ ಪಾತ್ರೆಯ ಮುಚ್ಚಳದ ಮೇಲೆ ಗುರುತಿಗೆಂದು ಒಂದು ಹಸಿಮೆಣಸಿನಕಾಯಿ ಇಡುವ ಪದ್ಧತಿಯನ್ನು ಅತ್ತೆಯವರೇ ಶುರುಮಾಡಿದರು, ಕತ್ತಲಲ್ಲಿ ಎದ್ದು ಮಜ್ಜಿಗೆ ಕಡೆಯುವಾಗ ಒಮ್ಮೆ ಅವರಿಗೆ ಅದಲು ಬದಲಾಗಿತ್ತು.